ಅಪ್ಪ ಅಮ್ಮ ಆಸ್ಟ್ರೇಲಿಯಾಕ್ಕೆ ಬರ್ತಿದ್ದಾರೆ, ಮೆಡಿಕೇರ್ ಸಿಗುತ್ತಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಅಪ್ಪ ಅಮ್ಮ ಮೆಲ್ಬರ್ನ್‌ಗೆ ಬರುತ್ತಿದ್ದಾರೆ. ಅಪ್ಪನಿಗೆ ಶುಗರ್, ಬಿಪಿ ಎರಡೂ ಇವೆ. ಆಫೀಸಿನ ಗೆಳೆಯನ ತಂದೆ ತಾಯಿ ಇಂಗ್ಲೆಂಡಿನಿಂದ ಬಂದಾಗ ಮೆಡಿಕೇರ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಯೋಜನೆಯ ಕಾರ್ಡ್ ಸಿಕ್ಕಿತಂತೆ. ನಮ್ಮವರಿಗೂ ಸಿಗುತ್ತಾ? ಗೊತ್ತಿದ್ದವರು ಹೇಳಿ.

ಸಿಡ್ನಿಯಿಂದ: ಇಲ್ಲ ರೀ, ಸಿಗಲ್ಲ. ಬೇರೆ ದೇಶದಿಂದ ಬಂದವರಿಗೆ ಮೆಡಿಕೇರ್ ಕೊಡೋಕೆ ಆಸ್ಟ್ರೇಲಿಯಾ ಒಪ್ಪಂದ ಮಾಡಿಕೊಂಡಿರುವುದು 11 ದೇಶಗಳ ಜೊತೆ ಮಾತ್ರ. ಬ್ರಿಟನ್, ಐರ್ಲೆಂಡ್, ನ್ಯೂಜಿಲೆಂಡ್, ಇಟಲಿ, ಸ್ವೀಡನ್ ಎಲ್ಲ ಇವೆ, ಭಾರತ ಇಲ್ಲ. ನಮ್ಮವರನ್ನು ನೀವು ನೋಡಿಕೊಳ್ಳಿ, ನಿಮ್ಮವರನ್ನು ನಾವು ನೋಡಿಕೊಳ್ಳುತ್ತೇವೆ ಅನ್ನೋ ಲೆಕ್ಕ ಅದು. ಮಕ್ಕಳು ಇಲ್ಲಿ ಎಷ್ಟೇ ಟ್ಯಾಕ್ಸ್ ಕಟ್ಟಿದರೂ ಅಪ್ಪ ಅಮ್ಮನಿಗೆ ಬರಲ್ಲ. ನನಗಂತೂ ಇದು ತುಂಬಾ ಬೇಜಾರಿನ ವಿಷಯ.

ಹಾಗಾಗಿ ವಿಸಿಟರ್ ಇನ್ಶೂರೆನ್ಸ್ ಮಾಡಿಸಲೇಬೇಕು. ಕಡಿಮೆ ಪ್ರೀಮಿಯಂ ನೋಡಿ ತಗೋಬೇಡಿ. ಮೊದಲೇ ಇರುವ ಕಾಯಿಲೆಗೆ ಎಷ್ಟು ದಿನ ಕಾಯಬೇಕು ಅಂತ ಓದಿ. ಬಹಳಷ್ಟು ಪಾಲಿಸಿಗಳಲ್ಲಿ ಅದು 12 ತಿಂಗಳು. ಅಷ್ಟರಲ್ಲಿ ಅವರು ವಾಪಸ್ ಹೋಗಿರುತ್ತಾರೆ, ಅಲ್ವಾ? ನಮ್ಮ ಅತ್ತೆಗೆ ಒಂದು ರಾತ್ರಿ ಎದೆ ಉರಿ ಅಂತ ಎಮರ್ಜೆನ್ಸಿಗೆ ಕರ್ಕೊಂಡು ಹೋದೆವು. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಆಯ್ತು. ಕೊನೆಗೆ ಬರೀ ಗ್ಯಾಸ್ಟ್ರಿಕ್. ಆದರೂ ಇನ್ಶೂರೆನ್ಸ್‌ನವರು ಮೊದಲು ಕೇಳಿದ್ದು ಊರಿನ ಡಾಕ್ಟರ ಹಳೇ ಚೀಟಿಗಳನ್ನು. ಅವು ಕೈಯಲ್ಲೇ ಇದ್ದಿದ್ದಕ್ಕೆ ಕ್ಲೇಮ್ ಬೇಗ ಆಯ್ತು.

ಲೀಡ್ಸ್‌ನಿಂದ: ಬ್ರಿಟನ್ನಿನಲ್ಲೂ ಭಾರತದ ಜೊತೆ ಒಪ್ಪಂದ ಇಲ್ಲ. ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಎ ಅಂಡ್ ಇ ಯಲ್ಲಿ (ಎಮರ್ಜೆನ್ಸಿ ವಿಭಾಗ) ನೋಡಿದ್ದಕ್ಕೆ ದುಡ್ಡಿಲ್ಲ. ಆದರೆ ವಾರ್ಡಿಗೆ ಅಡ್ಮಿಟ್ ಮಾಡಿಕೊಂಡರೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದರದ ಒಂದೂವರೆ ಪಟ್ಟು ಬಿಲ್ ಹಾಕುತ್ತಾರೆ. 500 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಉಳಿಸಿದರೆ ಮುಂದಿನ ವೀಸಾಕ್ಕೇ ತೊಂದರೆ. ಇಲ್ಲೇ ನೆಲೆಸಿರುವ ನಾವು ಸ್ಪೇನ್‌ಗೆ ಹೋದಾಗ ಜಿಎಚ್‌ಐಸಿ ಅನ್ನೋ ಬ್ರಿಟನ್ನಿನ ಆರೋಗ್ಯ ಕಾರ್ಡ್ ಒಯ್ಯುತ್ತೇವೆ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದು ನಡೆಯುತ್ತೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಆ ಕಾರ್ಡ್ ಕೊಡಲ್ಲ.

ಬ್ರಿಸ್ಬೇನ್‌ನಿಂದ: ಆಂಬುಲೆನ್ಸ್ ಮರೀಬೇಡಿ. ಬ್ರಿಟನ್ನಿನಿಂದ ಬಂದು ಮೆಡಿಕೇರ್ ಪಡೆದವರಿಗೂ ಅದು ಸೇರಲ್ಲ. ಪಾಲಿಸಿಯಲ್ಲಿ ಇದೆಯಾ ಅಂತ ಫೋನ್ ಮಾಡಿ ಕೇಳಿ. ಆಮೇಲೆ, ಅಪ್ಪನ ಮಾತ್ರೆ 3 ತಿಂಗಳಿಗೆ ಆಗುವಷ್ಟು ಮಾತ್ರ ತರಬಹುದು. ಇಂಗ್ಲಿಷಿನಲ್ಲಿ ಬರೆದ ಡಾಕ್ಟರ್ ಚೀಟಿ ಜೊತೆಗಿರಲಿ, ಏರ್‌ಪೋರ್ಟ್ ಫಾರ್ಮಿನಲ್ಲಿ ಔಷಧಿ ಇದೆ ಅಂತ ಟಿಕ್ ಮಾಡಲಿ. ಇನ್ನೂ ಹೆಚ್ಚು ದಿನ ಇರೋದಾದರೆ ಇಲ್ಲಿನ ಜಿಪಿ (ಫ್ಯಾಮಿಲಿ ಡಾಕ್ಟರ್) ಹತ್ತಿರ ತೋರಿಸಿ ಬರೆಸಿಕೊಳ್ಳಬೇಕು. ಮಾತ್ರೆ ಮುಗಿಯೋ ಮೊದಲೇ ಅಪಾಯಿಂಟ್‌ಮೆಂಟ್ ತಗೊಳ್ಳಿ.