ಮಿನಿ ಟ್ರಾಕ್ಟರಿನ ಸ್ಟಿಯರಿಂಗ್ ಹೋಸ್ ಜಿನುಗುತ್ತಿದೆ, ಹೊರಗೆ ಮಾಡಿಸಿದರೆ ಆದೀತಾ?

ಬದಿಯಡ್ಕ_ತೋಟ:
ನಮ್ಮದು 24 ಎಚ್‌ಪಿ ಮಿನಿ ಟ್ರಾಕ್ಟರ್, ಫೋರ್ ವೀಲ್, ಪವರ್ ಸ್ಟಿಯರಿಂಗ್. ಅಡಿಕೆ ತೋಟಕ್ಕೆ ಹಟ್ಟಿಗೊಬ್ಬರ, ಸೊಪ್ಪು ಸಾಗಿಸುವುದೇ ಜಾಸ್ತಿ. ಮುಂದಿನ ಆಕ್ಸಲ್ ಹತ್ತಿರ ಸ್ಟಿಯರಿಂಗ್ ಸಿಲಿಂಡರಿಗೆ ಹೋಗುವ ಎರಡು ಹೋಸ್ ಇದೆಯಲ್ಲ, ಅದರಲ್ಲಿ ಒಂದರ ರಬ್ಬರ್ ಬಿರಿದು ಒಳಗಿನ ತಂತಿ ಬಲೆ ಕಾಣುತ್ತಿದೆ, ತುಕ್ಕೂ ಹಿಡಿದಿದೆ. ಎಣ್ಣೆ ಸುರಿಯುವುದಿಲ್ಲ, ಆದರೆ ಸಂಜೆ ಹೊತ್ತಿಗೆ ಅಲ್ಲೆಲ್ಲ ಜಿಡ್ಡು, ಅದಕ್ಕೆ ಧೂಳು ಮೆತ್ತಿ ಕಪ್ಪು ಮುದ್ದೆ. ಇನ್ನೊಂದು ಹೋಸ್ ನೋಡಲು ಚೆನ್ನಾಗಿಯೇ ಇದೆ. ಶೋರೂಮಿನಲ್ಲಿ ಕೇಳಿದರೆ ಸ್ಟಾಕ್ ಇಲ್ಲ, ಯಾವಾಗ ಬರುತ್ತದೆ ಹೇಳಲಿಕ್ಕಾಗುವುದಿಲ್ಲ ಅಂತಾರೆ. ಜೆಸಿಬಿಗೆ ಹೋಸ್ ಮಾಡಿಕೊಡುವ ಅಂಗಡಿಯಲ್ಲಿ ಮಾಡಿಸಬಹುದಾ? ಒಂದೇ ಸಾಕಾ, ಎರಡೂ ಬೇಕಾ? ಮಳೆ ಶುರುವಾದರೆ ತೋಟದೊಳಗೆ ಗಾಡಿ ಇಳಿಯುವುದಿಲ್ಲ, ಅಷ್ಟರೊಳಗೆ ಗೊಬ್ಬರ ಮುಗಿಸಬೇಕು. ಅಲ್ಲಿವರೆಗೆ ಹೀಗೇ ಓಡಿಸಬಹುದಾ?

ಕಲ್ಲುಕೋರೆ_ಮೆಕ್ಯಾನಿಕ್:
ಕೊನೆಯ ಪ್ರಶ್ನೆಗೇ ಮೊದಲು ಉತ್ತರ: ಓಡಿಸಬೇಡಿ. ನಿಮ್ಮದು ಪೂರ್ತಿ ಹೈಡ್ರಾಲಿಕ್ ಸ್ಟಿಯರಿಂಗ್ ಆಗಿದ್ದರೆ ಸ್ಟಿಯರಿಂಗಿಗೂ ಮುಂದಿನ ಗಾಲಿಗೂ ನಡುವೆ ರಾಡ್ ಗೀಡ್ ಏನೂ ಇಲ್ಲ, ಇರುವುದು ಎಣ್ಣೆ ಮಾತ್ರ. ಇಂಜಿನ್ ಬಂದ್ ಆದರೆ ಕಷ್ಟಪಟ್ಟಾದರೂ ತಿರುಗಿಸಬಹುದು, ಸ್ಟಿಯರಿಂಗ್ ಕೆಳಗಿರುವ ಆರ್ಬಿಟ್ರಾಲ್ (ತಿರುಗಿಸಿದ ಕಡೆಗೆ ಸಿಲಿಂಡರಿಗೆ ಎಣ್ಣೆ ಕಳಿಸುವ ಭಾಗ) ಆಗ ಕೈಪಂಪಾಗಿ ಕೆಲಸ ಮಾಡುತ್ತದೆ. ಸಿಲಿಂಡರ್ ಹೋಸೇ ಒಡೆದರೆ ಅದೂ ಇಲ್ಲ, ಸ್ಟಿಯರಿಂಗ್ ಸುಮ್ನೆ ತಿರುಗುತ್ತಾ ಇರುತ್ತದೆ. ನಮ್ಮ ಕಡೆಯ ಗುಡ್ಡದ ಇಳಿಜಾರಿನಲ್ಲಿ, ಹಿಂದೆ ಟ್ರೇಲರ್ ತುಂಬ ಗೊಬ್ಬರ ದೂಡುತ್ತಿರುವಾಗ ಹಾಗಾದರೆ ಏನು ಮಾಡ್ತೀರಿ ಮಾರಾಯ್ರೆ?

ಹೊರಗೆ ಮಾಡಿಸಬಹುದು, ಧಾರಾಳವಾಗಿ. ಆದರೆ ಅಳತೆ ಬರೆದುಕೊಂಡು ಹೋಗಬೇಡಿ, ಹಳೇ ಹೋಸನ್ನೇ ಬಿಚ್ಚಿ ತೆಗೆದುಕೊಂಡು ಹೋಗಿ. ಹೋಸ್ ಉದ್ದ ಎಲ್ಲರೂ ಸರಿಯಾಗಿಯೇ ಕತ್ತರಿಸುತ್ತಾರೆ, ಎಡವಟ್ಟಾಗುವುದು ತುದಿಯ ನಟ್ಟಿನಲ್ಲಿ. 14 ಮಿಮೀ ಮೆಟ್ರಿಕ್ ಮತ್ತು 9/16 ಇಂಚಿನ ಜೆಐಸಿ (ಇಂಚಿನ ಲೆಕ್ಕದ ಥ್ರೆಡ್ ಇರುವ ಫಿಟ್ಟಿಂಗ್) ಎರಡೂ ಕಣ್ಣಿಗೆ ಒಂದೇ ಥರ, ಒಂದೆರಡು ಸುತ್ತು ಕೈಯಲ್ಲೇ ಹೋಗಿ ಆಮೇಲೆ ಹಿಡಿಯುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ಬಿಗಿದಿರೋ, ಸಿಲಿಂಡರಿನ ಥ್ರೆಡ್ ಹೋಯಿತು. ಥ್ರೆಡ್ ಗೇಜ್ ಹಾಕಿ ನೋಡುವ ಅಂಗಡಿಗೇ ಹೋಗಿ. ಥ್ರೆಡ್ ಸರಿ ಇದ್ದರೂ ಒಳಗೆ ಕೂರುವ ಕೋನ್ ಬೇರೆ ಇದ್ದರೆ ಎಷ್ಟು ಬಿಗಿದರೂ ಜಿನುಗುತ್ತದೆ.

ಎರಡನ್ನೂ ಬದಲಿಸಿ. ಎರಡಕ್ಕೂ ಒಂದೇ ವಯಸ್ಸು, ಒಂದೇ ಬಿಸಿಲು.

ಪೆರ್ಲ_24ಎಚ್‌ಪಿ:
ಬೋರ್‌ವೆಲ್ ಗಾಡಿಗೆ ಹಾಕುವಂಥ ದಪ್ಪ ಹೋಸ್ ಹಾಕಿಸಿ ಅಣ್ಣ, ಎರಡು ಪದರ ತಂತಿ ಇರುವ ಆರ್2. ಮತ್ತೆ ಆ ಕಡೆ ನೋಡುವ ಕೆಲಸವೇ ಇಲ್ಲ.

ಕಲ್ಲುಕೋರೆ_ಮೆಕ್ಯಾನಿಕ್:
ಅದು ಎಲ್ಲ ಕಡೆ ಆಗುವುದಿಲ್ಲ. 1/4 ಇಂಚಿನ ಆರ್1 ಅಂದರೆ ಒಂದು ಪದರದ ಹೋಸೇ ಸುಮಾರು 190 ಬಾರ್ ಒತ್ತಡ ತಡೆಯುತ್ತದೆ, ಮಿನಿ ಟ್ರಾಕ್ಟರಿನ ಸ್ಟಿಯರಿಂಗಿಗೆ ಸಾಮಾನ್ಯವಾಗಿ ಅದು ಸಾಕು. ಆದರೂ ಹಳೇ ಹೋಸಿನ ಮೇಲೆ ಅಚ್ಚಾಗಿರುವುದನ್ನು ಒರೆಸಿ ಓದಿ, ಅದಕ್ಕಿಂತ ಕಡಿಮೆಯದ್ದು ಮಾತ್ರ ಬೇಡ. ಆರ್2 ದಪ್ಪ, ಬಿರುಸು. ಆಕ್ಸಲ್ ಹತ್ತಿರದ ಸಣ್ಣ ಜಾಗದಲ್ಲಿ ಅದು ಬಾಗದೆ ಫಿಟ್ಟಿಂಗನ್ನೇ ಎಳೆಯುತ್ತದೆ.

ಬದಿಯಡ್ಕ_ತೋಟ:
ನಿಮ್ಮ ಮಾತು ಓದಿ ಗಾಡಿ ಶೆಡ್ಡಿಗೆ ಹಾಕಿ ಕೆಳಗೆ ಮಲಗಿ ನೋಡಿದೆ. ಎಡಕ್ಕೆ ಪೂರ್ತಿ ತಿರುಗಿಸಿದಾಗ ಆ ಹೋಸ್ ಆಕ್ಸಲ್ ಬ್ರಾಕೆಟಿನ ಅಂಚಿಗೆ ಒರಸುತ್ತದೆ. ಅಲ್ಲೊಂದು ಕ್ಲಾಂಪ್ ಇದ್ದ ಗುರುತು ಇದೆ, ಬೋಲ್ಟಿನ ತೂತು ಮಾತ್ರ ಉಳಿದಿದೆ. ಜಿಡ್ಡು ಒರೆಸಿ, ಇಂಜಿನ್ ಚಾಲೂ ಇಟ್ಟು, ಎಲ್ಲಿಂದ ಬರುತ್ತದೆ ಅಂತ ಕೈಯಲ್ಲಿ ಮುಟ್ಟಿ ನೋಡಲಾ?

ಮುಳ್ಳೇರಿಯ_ವರ್ಕ್‌ಶಾಪ್:
ಮುಟ್ಟಬೇಡಿ!! ಒತ್ತಡದಲ್ಲಿ ಹೊರಡುವ ಸಣ್ಣ ಎಳೆ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೊದಲಿಗೆ ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಜಾಸ್ತಿ ಇರುವುದಿಲ್ಲ, ಆದರೆ ತಡ ಮಾಡಿದರೆ ಬೆರಳೇ ಹೋದೀತು. ಹಾಗೇನಾದರೂ ಆದರೆ ಮನೆ ಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳಬೇಕು. ಲೀಕ್ ನೋಡಲು ರಟ್ಟಿನ ತುಂಡು ಹಿಡಿಯಿರಿ. ನಿಮ್ಮ ಹೋಸಿಗೆ ಅದೂ ಬೇಡ, ತಂತಿ ಕಂಡ ಮೇಲೆ ಪತ್ತೆ ಮಾಡಲಿಕ್ಕೆ ಏನಿದೆ?

ಬಿಚ್ಚುವಾಗ ಇಂಜಿನ್ ಬಂದ್ ಮಾಡಿ ಸ್ಟಿಯರಿಂಗ್ ಆಚೆ ಈಚೆ ತಿರುಗಿಸಿ, ಒತ್ತಡ ಇಳಿಯುತ್ತದೆ. ಸುತ್ತಲಿನ ಮಣ್ಣು ಮೊದಲೇ ತೊಳೆದುಕೊಳ್ಳಿ. ಒಂದು ಹೋಸಿನ ಎರಡೂ ತುದಿಗೆ ಟೇಪ್ ಸುತ್ತಿ, ಅದಲು ಬದಲಾದರೆ ಬಲಕ್ಕೆ ತಿರುಗಿಸಿದಾಗ ಗಾಲಿ ಎಡಕ್ಕೆ ಹೋಗುತ್ತದೆ. ತೆರೆದ ಬಾಯಿಗೆ ಬಟ್ಟೆ ತುರುಕಬೇಡಿ, ನೂಲು ಒಳಗೆ ಹೋದರೆ ಆರ್ಬಿಟ್ರಾಲ್ ಹಾಳು. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ ತುಂಡು, ಮೇಲೊಂದು ರಬ್ಬರ್ ಬ್ಯಾಂಡ್, ಸಾಕು. ತಾಮ್ರದ ವಾಷರ್, ಓ ರಿಂಗ್ ಏನಿದ್ದರೂ ಹೊಸದೇ ಹಾಕಿ.

ಕೂರಿಸುವಾಗ ಎರಡು ಸ್ಪ್ಯಾನರ್ ಬೇಕು, ಒಂದು ಹಿಡಿದುಕೊಳ್ಳಲು, ಒಂದು ಬಿಗಿಯಲು. ಹೋಸಿನ ಮೇಲೆ ಉದ್ದಕ್ಕೆ ಅಚ್ಚಾದ ಗೆರೆ ನೇರ ಇದ್ದರೆ ತಿರುಚಿಲ್ಲ ಎಂದರ್ಥ. ಕ್ಲಾಂಪ್ ಹಾಕದೆ ಗಾಡಿ ಹೊರಗೆ ತೆಗೆಯಬೇಡಿ, ಇಲ್ಲದಿದ್ದರೆ ಹೊಸ ಹೋಸೂ ಅದೇ ಅಂಚಿಗೆ ಒರಸುತ್ತದೆ.

ಬದಿಯಡ್ಕ_ತೋಟ:
ಗಾಳಿ ತೆಗೆಯಲು ಬೇರೆ ನಿಪ್ಪಲ್ ಇದೆಯಾ? ನನಗೆ ಕಾಣಲಿಲ್ಲ.

ಮುಳ್ಳೇರಿಯ_ವರ್ಕ್‌ಶಾಪ್:
ಹೆಚ್ಚಿನವಕ್ಕೆ ಇರುವುದಿಲ್ಲ. ಮುಂಭಾಗ ಜಾಕ್ ಕೊಟ್ಟು ಎತ್ತಿ, ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿ, ಜಾಕ್ ಒಂದನ್ನೇ ನಂಬಬೇಡಿ. ಎಣ್ಣೆ ತುಂಬಿಸಿ ಇಂಜಿನ್ ಸ್ಲೋದಲ್ಲಿಟ್ಟು ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸುತ್ತಾ ಇರಿ, ತುದಿಯಲ್ಲಿ ಒತ್ತಿ ಹಿಡಿಯಬೇಡಿ. ನಡುವೆ ಎಣ್ಣೆ ಮಟ್ಟ ನೋಡಿ, ಇಳಿದಿರುತ್ತದೆ. ನೊರೆ ಕಂಡರೆ ಬಂದ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಪುನಃ ಮಾಡಿ. ಯಾವ ಎಣ್ಣೆ ಅಂತ ಮಾತ್ರ ಗಾಡಿಯ ಪುಸ್ತಕದಲ್ಲಿ ನೋಡಿ, ಕೆಲವದರಲ್ಲಿ ಗೇರ್‌ಬಾಕ್ಸಿನ ಎಣ್ಣೆಯೇ ಸ್ಟಿಯರಿಂಗಿಗೂ ಹೋಗುತ್ತದೆ.