ಅಡುಗೆಮನೆ ನಳ-ಪೈಪ್ ಕೆಲಸ: ಖರ್ಚಿನ ಲೆಕ್ಕ ಪ್ಲಂಬರ್‌ಗೆ ಕೇಳಿ

ಪ್ಲಂಬರ್, ವಿಜಯಪುರ: ಎಲ್ಲರಿಗೂ ನಮಸ್ಕಾರ ರೀ. ಇವತ್ತು ಅಮಾವಾಸ್ಯೆ, ಕೆಲಸಕ್ಕೆ ರಜೆ. ಅಡುಗೆಮನೆ ಪೈಪ್ ಕೆಲಸಕ್ಕೆ ಎಷ್ಟು ದುಡ್ಡು ಇಡಬೇಕು, ಎಲ್ಲಿ ಹಾಕಬೇಕು ಅಂತ ಬಹಳ ಮಂದಿ ಫೋನ್ ಮಾಡುತ್ತಾರೆ. ಇಲ್ಲೇ ಕೇಳಿ, ಎಲ್ಲರಿಗೂ ಗೊತ್ತಾಗಲಿ. 22 ವರ್ಷದಿಂದ ಇದೇ ಕೆಲಸ ನನ್ನದು.

ವಿದ್ಯಾಗಿರಿ, ಬಾಗಲಕೋಟೆ: ಅಣ್ಣಾ, ಹತ್ತು ಬೈ ಎಂಟರ ಅಡುಗೆಮನೆ. ಕಂಟ್ರಾಕ್ಟರ್ ‘ಸಾಮಾನು ಸೇರಿ 45 ಸಾವಿರ’ ಅಂತ ಒಂದೇ ಮಾತು ಹೇಳಿದ್ದಾರೆ. ಸರೀನಾ?

ಪ್ಲಂಬರ್: ಒಂದೇ ಮಾತಿಗೆ ಒಪ್ಪಬೇಡಿ. ಮೊದಲು ಪಾಯಿಂಟ್ ಎಣಿಸಿ. ಸಿಂಕ್‌ಗೆ ತಣ್ಣೀರು, ಬಿಸಿನೀರು, ಆರ್‌ಒ, ಹಿತ್ತಲ ಕಡೆ ಬಾಂಡೆ ತೊಳೆಯುವ ನಳ. ನೀರು ಬರುವುದು ಇವು ನಾಲ್ಕು. ನೀರು ಹೋಗುವುದು ಸಿಂಕ್, ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ಜಾಲಿ). ಒಟ್ಟು ಆರು. ಹೋದ ತಿಂಗಳು ಜಲನಗರದಲ್ಲಿ ಇಂಥದ್ದೇ ಆರು ಪಾಯಿಂಟಿನ ಮನೆ ಮುಗಿಸಿದೆ. ಆ ಲೆಕ್ಕದ ಚೀಟಿ ಇಲ್ಲೇ ಇದೆ. ಪೈಪ್ ಮತ್ತು ಫಿಟಿಂಗ್ 7,450. ನಳ, ಆಂಗಲ್ ಕಾಕ್ (ಸಿಂಕಿನ ಕೆಳಗೆ ನೀರು ಬಂದ್ ಮಾಡುವ ಸಣ್ಣ ನಳ) 5,200. ಸ್ಟೀಲ್ ಸಿಂಕ್ 4,800. ಹೊಲಸು ನೀರಿನ ಪೈಪ್, ಟ್ರ್ಯಾಪ್ 3,150. ನನ್ನ ಕೂಲಿ 6,500. ಗೋಡೆ ಕೊರೆದು ಮುಚ್ಚಿದ ಗವಂಡಿಗೆ 3,200. ಒಟ್ಟು 30,300. ನಿಮ್ಮ ಊರಲ್ಲಿ, ನೀವು ಆರಿಸುವ ನಳದ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಆದರೆ ಇದೇ ಥರ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಆಮೇಲೆ ಕೇಳಿ, ಉಳಿದ ದುಡ್ಡು ಯಾವುದಕ್ಕೆ ಅಂತ. ಹಳೇ ಮನೆ ಆದರೆ ನೂರಕ್ಕೆ ಇಪ್ಪತ್ತರಷ್ಟು ಬೇರೆ ಎತ್ತಿಡಿ. ಗೋಡೆ ಒಡೆದ ಮೇಲೆ ಏನು ಕಾಣುತ್ತದೋ ಯಾರಿಗೂ ಗೊತ್ತಿರುವುದಿಲ್ಲ.

ಟಿಳಕವಾಡಿ, ಬೆಳಗಾವಿ: ಬಜೆಟ್ ಕಡಿಮೆ ಇದೆ. ಎಲ್ಲಿ ಕಡಿಮೆ ಮಾಡಬಹುದು ಅಣ್ಣಾ?

ಪ್ಲಂಬರ್: ಕಣ್ಣಿಗೆ ಕಾಣುವುದರಲ್ಲಿ ಮಾಡಿ. ನಳ ಇವತ್ತು ಸಾದಾ ಹಾಕಿ, ಎರಡು ವರ್ಷ ಬಿಟ್ಟು ಚಲೋದು ಹಾಕಬಹುದು. ಅರ್ಧ ತಾಸಿನ ಕೆಲಸ. ಗೋಡೆ ಒಳಗೆ ಹೋಗುವುದರಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಬೇಡಿ.

ಇಂಡಿ: ಒಟ್ಟು ಎಷ್ಟು ಖರ್ಚು ಬರುತ್ತದೆ ಸರ್?

ಪ್ಲಂಬರ್: ಮೇಲೆ ಬರೆದಿದ್ದೇನೆ.

ನವನಗರ, ಬಾಗಲಕೋಟೆ: ಅಣ್ಣಾ, ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಯಜಮಾನರು ಪುಣೆಯಲ್ಲಿದ್ದಾರೆ. ಎಂಟು ತಿಂಗಳ ಹಿಂದೆ ಅಡುಗೆಮನೆ ಹೊಸದಾಗಿ ಮಾಡಿಸಿದೆವು. ಈಗ ಮಿಕ್ಸಿ ಹಚ್ಚುವ ಸ್ವಿಚ್‌ಬೋರ್ಡ್ ಕೆಳಗೆ ಟೈಲ್ಸ್ ಸಂದಿಯಲ್ಲಿ ಬಿಳಿ ಪುಡಿ ಬರುತ್ತಿದೆ, ಗೋಡೆ ಹಸಿ ಇದೆ. ಪೂರ್ತಿ ಒಡೆಯಬೇಕು, 60 ಸಾವಿರ ಅಂತಾರೆ. ಅಷ್ಟು ದುಡ್ಡು ಹೇಗೆ ಹೊಂದಿಸಲಿ?

ಪ್ಲಂಬರ್: ಅಕ್ಕಾರ, ದುಡ್ಡಿನ ಮಾತು ಆಮೇಲೆ. ಮೊದಲು ಎದ್ದು ಹೋಗಿ ಆ ಬೋರ್ಡಿಗೆ ಕರೆಂಟು ಕೊಡುವ ಎಂಸಿಬಿ (ಮೇನ್ ಬೋರ್ಡಿನಲ್ಲಿರುವ ಫ್ಯೂಸ್ ಸ್ವಿಚ್) ಇಳಿಸಿ. ಯಾವುದು ಅಂತ ಗೊತ್ತಾಗದಿದ್ದರೆ ಮೇನ್ ಸ್ವಿಚ್ಚನ್ನೇ ಇಳಿಸಿ. ಹಸಿ ಗೋಡೆ, ಕರೆಂಟು ಎರಡೂ ಒಂದೇ ಕಡೆ ಇವೆ. ಅತ್ತೆಯವರಿಗೂ ಹೇಳಿ, ಆ ಬೋರ್ಡ್ ಮುಟ್ಟುವುದು ಬೇಡ. ಇಳಿಸಿದ ಮೇಲೆ ಮುಂದಿನದು ಓದಿ.

ಗೋಡೆಗೆ ನೀರು ಎರಡು ಕಡೆಯಿಂದ ಬರಬಹುದು. ಒಂದು, ಟ್ಯಾಂಕಿನಿಂದ ಬರುವ ಪೈಪ್. ಅದರಲ್ಲಿ ಹಗಲು ರಾತ್ರಿ ಒತ್ತಡ ಇರುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಇನ್ನೊಂದು, ಸಿಂಕಿನಿಂದ ಹೋಗುವ ಪೈಪ್. ಅದು ಬಾಂಡೆ ತೊಳೆದಾಗ ಮಾತ್ರ ಸೋರುತ್ತದೆ. ಯಾವುದು ಅಂತ ತಿಳಿಯದೆ ಗೋಡೆ ಒಡೆಯುವುದು ದುಡ್ಡು ಹಾಳು ಮಾಡಿದಂತೆ.

ಹೀಗೆ ಮಾಡಿ. ರಾತ್ರಿ ಮಲಗುವಾಗ ಎಲ್ಲ ನಳ ಬಂದ್ ಮಾಡಿ, ಟ್ಯಾಂಕಿಗೆ ನೀರು ಏರುವುದನ್ನೂ ನಿಲ್ಲಿಸಿ. ಮಗ್ಗುಲ ಮನೆಯ ಹುಡುಗರನ್ನು ಕರೆದು ಟ್ಯಾಂಕಿನೊಳಗೆ ಒಂದು ಕೋಲು ಇಳಿಸಿ, ನೀರು ಎಲ್ಲಿವರೆಗೆ ತಾಕಿತು ಅಂತ ಗುರುತು ಹಾಕಿಸಿ. ಬೆಳಿಗ್ಗೆ ಮತ್ತೆ ಅಳೆಯಿರಿ. ನೀರು ಇಳಿದಿದ್ದರೆ ಒತ್ತಡದ ಪೈಪ್. ಇಳಿಯದಿದ್ದರೆ, ಜಿಲೇಬಿಗೆ ಹಾಕುವ ಬಣ್ಣವನ್ನು ಒಂದು ಕೊಡ ನೀರಿಗೆ ಕಲಸಿ ಸಿಂಕಿಗೆ ಸುರಿದು ಸಂದಿಯಲ್ಲಿ ಬಣ್ಣ ಬರುತ್ತದಾ ನೋಡಿ.

ಇನ್ನೊಂದು ಹೇಳಿ. ಮನೆಗೆ ನೀರು ಕಾಯಿಸುವ ಸೋಲಾರ್ ಇದೆಯಾ? ಮಾಳಿಗೆ ಮೇಲೆ ಸೋಲಾರಿನಿಂದ ಇಳಿಯುವ ಪೈಪ್ ಯಾವ ಬಣ್ಣ, ಬಿಳಿಯೋ ಕೆನೆಬಣ್ಣವೋ?

ಶಾಪೇಟೆ, ವಿಜಯಪುರ: ಸಿಂಕ್ ಕಟ್ಟಿಕೊಂಡು ನೀರು ಹೋಗದಿದ್ದರೆ ಪ್ಲಂಬರ್‌ಗೆ ದುಡ್ಡು ಯಾಕೆ? ಈ ಮೆಸೇಜ್ ನೋಡಿ. ಅರ್ಧ ಬಾಟಲಿ ಆಸಿಡ್, ಮೇಲೆ ಬ್ಲೀಚಿಂಗ್ ಪೌಡರ್, ಕೊನೆಗೆ ಕುದಿಯುವ ನೀರು. ಐದು ನಿಮಿಷದಲ್ಲಿ ಸಾಫ್! ಎಲ್ಲರಿಗೂ ಕಳಿಸಿ.

ಪ್ಲಂಬರ್: ಯಾರಿಗೂ ಕಳಿಸಬೇಡಿ, ದಯವಿಟ್ಟು ಅಳಿಸಿ. ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಉಸಿರು ಕಟ್ಟುತ್ತದೆ, ಜೀವಕ್ಕೇ ಅಪಾಯ. ಕುದಿಯುವ ನೀರಿಗೆ ಪಿವಿಸಿ ಪೈಪಿನ ಜಾಯಿಂಟ್ ಮೆತ್ತಗಾಗುತ್ತದೆ. ನಮ್ಮ ಕಡೆ ಸಿಂಕ್ ಕಟ್ಟುವುದು ರೊಟ್ಟಿ ಹಿಟ್ಟಿನಿಂದ. ಪರಾತ ತೊಳೆದ ಹಿಟ್ಟು, ಒಗ್ಗರಣೆ ಜಿಡ್ಡು ಎರಡೂ ಕೂಡಿ ಒಳಗೆ ಗಾರೆ ಥರ ಹಿಡಿಯುತ್ತವೆ. ಸಿಂಕಿನ ಕೆಳಗೆ ಬಾಟಲ್ ಟ್ರ್ಯಾಪ್ (ಕಸ ನಿಲ್ಲುವ ಬಟ್ಟಲು) ಇದೆ. ಕೆಳಗೆ ಬಕೆಟ್ ಇಟ್ಟು ಕೈಯಿಂದ ತಿರುಗಿಸಿ, ಬಿಚ್ಚಿ ತೊಳೆಯಿರಿ. ಖರ್ಚೇ ಇಲ್ಲ.

ಹಿಂದವಾಡಿ, ಬೆಳಗಾವಿ: ಸೋಡಾ ಪುಡಿ, ವಿನೆಗರ್ ಹಾಕಬಹುದಾ? ಬುರುಗು ಚೆನ್ನಾಗಿ ಬರುತ್ತದೆ.

ಪ್ಲಂಬರ್: ಬುರುಗು ಬರುತ್ತದೆ, ಜಿಡ್ಡು ಹೋಗುವುದಿಲ್ಲ.

ಜಮಖಂಡಿ: ಬೋರ್ ನೀರು ಸವಳು. ನಳ ವರ್ಷಕ್ಕೇ ಬಿಗಿಯಾಗುತ್ತವೆ. ಯಾವ ನಳ ತೆಗೆದುಕೊಳ್ಳಲಿ?

ಸೋಲಾಪುರ ರಸ್ತೆ, ವಿಜಯಪುರ: ಸಿಂಕ್ ಈಶಾನ್ಯದಲ್ಲೇ ಇರಬೇಕು ಅಂತಾರೆ. ಗಟಾರ ಪಶ್ಚಿಮಕ್ಕಿದೆ. ಪೈಪ್ 18 ಅಡಿ ತಿರುಗಿಸಿದರೆ ಎಷ್ಟು ಜಾಸ್ತಿ ಆಗುತ್ತದೆ?

ಪ್ಲಂಬರ್: ಪೈಪಿನ ದುಡ್ಡು ದೊಡ್ಡದಲ್ಲ. ಇಳಿಜಾರು ದೊಡ್ಡದು. ಅಡಿಗೆ ಕಾಲು ಇಂಚು ಬೇಕು. 18 ಅಡಿಗೆ ನಾಲ್ಕೂವರೆ ಇಂಚು. ನೆಲದಲ್ಲಿ ಅಷ್ಟು ಆಳ ಸಿಗುತ್ತದಾ ಅಳೆಯಿರಿ. ತಿರುವಿನಲ್ಲಿ ಡೋರ್ ಬೆಂಡ್ (ಮುಚ್ಚಳ ಬಿಚ್ಚಿ ಸಾಫ್ ಮಾಡಬಹುದಾದ ಬೆಂಡ್) ಹಾಕಿಸಿ.

ಗವಂಡಿ, ಬಾಗಲಕೋಟೆ: ಕೆಲಸದ ಮೊದಲು ಎಲ್ಲ ಪ್ಲಂಬರ್‌ಗಳೂ ಹೀಗೇ ಚಲೋ ಮಾತು ಹೇಳುತ್ತಾರೆ. ಸೋರಿದ ಮೇಲೆ ‘ಗವಂಡಿ ಮೊಳೆ ಹೊಡೆದ’ ಅಂತ ನಮ್ಮ ಮೇಲೆ ಹಾಕುತ್ತಾರೆ.

ವಿದ್ಯಾಗಿರಿ: ನಮ್ಮ ಹಳೇ ಮನೆಯಲ್ಲಿ ಗವಂಡಿಯೇ ಪೈಪ್ ಸೋರುತ್ತದಾ ಅಂತ ಟೆಸ್ಟ್ ಆಗುವ ಮೊದಲು ಟೈಲ್ಸ್ ಮುಚ್ಚಿದ್ದ.

ಗವಂಡಿ: ಟೆಸ್ಟ್ ಮಾಡಲು ಬಾ ಅಂದರೆ ಪ್ಲಂಬರ್ ಮೂರು ದಿನ ಫೋನ್ ಎತ್ತುವುದಿಲ್ಲ. ಆಳುಗಳ ಕೂಲಿ ನೀವು ಕೊಡುತ್ತೀರಾ?

ವಿದ್ಯಾಗಿರಿ: ಕೂಲಿ ಉಳಿಸಲು ನಮ್ಮ ಮನೆ ಹಾಳು ಮಾಡಬೇಕಾ?

ಗವಂಡಿ: ಬಾಯಿಗೆ ಬಂದಂಗ ಮಾತಾಡಬೇಡಿ. ಬಿಸಿಲಲ್ಲಿ ನಿಂತು ಕೆಲಸ ಮಾಡಿದವರಿಗೆ ಗೊತ್ತು.

ಪ್ಲಂಬರ್: ಇಬ್ಬರೂ ಸುಮ್ಮನಿರಿ. ಗವಂಡಿ ಅಣ್ಣ ಹೇಳಿದ್ದರಲ್ಲಿ ನಿಜ ಇದೆ. ಟೆಸ್ಟ್‌ಗೆ ಬರದ ಪ್ಲಂಬರ್ ಇದ್ದಾರೆ. ಅದಕ್ಕೇ ಮನೆಯವರು ಟೆಸ್ಟಿನ ದಿನವನ್ನು ಮೊದಲೇ ಗೊತ್ತು ಮಾಡಬೇಕು, ಪ್ಲಂಬರಿನ ಕೊನೆಯ ಕಂತು ಅಲ್ಲಿವರೆಗೆ ಕೊಡಬಾರದು. ಪೈಪಿನ ತುದಿಗಳಿಗೆ ಪ್ಲಗ್ ಹಾಕಿ, ಹ್ಯಾಂಡ್ ಪಂಪಿನಿಂದ ಒತ್ತಡ ಕೊಟ್ಟರೆ ಗೇಜಿನ ಮುಳ್ಳು ಎರಡು ತಾಸು ಅಲುಗಬಾರದು. ಆಮೇಲೆ ಪ್ಲಾಸ್ಟರ್.

ಇಂಡಿ: ಒಂದು ಅಂದಾಜು ಆದರೂ ಹೇಳಿ ಸರ್, ಒಟ್ಟು ಎಷ್ಟು?

ಪ್ಲಂಬರ್: ಓದದೆ ಕೇಳಿದರೆ ನಾನೇನು ಮಾಡಲಿ ರೀ? ಮೇಲೆ 30,300ರ ಲೆಕ್ಕ ಇದೆ.

ನವನಗರ (ಎರಡು ದಿನದ ಮೇಲೆ): ಅಣ್ಣಾ, ಎಂಸಿಬಿ ಅವತ್ತೇ ಇಳಿಸಿದೆ. ಮೊದಲ ರಾತ್ರಿ ಟ್ಯಾಂಕಿನಲ್ಲಿ ನಾಲ್ಕು ಬೆರಳು ನೀರು ಇಳಿದಿತ್ತು. ಹುಡುಗರು ನೆನ್ನೆ ಸೋಲಾರಿನಿಂದ ಮನೆಗೆ ಇಳಿಯುವ ವಾಲ್ವ್ ಬಂದ್ ಮಾಡಿ ಮತ್ತೆ ಅಳೆದರು. ಒಂದು ಗೆರೆಯೂ ಇಳಿದಿಲ್ಲ. ಪೈಪ್ ಬಿಳಿ ಇದೆ.

ಪ್ಲಂಬರ್: ವಾಲ್ವ್ ಬಂದ್ ಮಾಡಿ ನೋಡಿದ್ದು ಬಹಳ ಚಲೋ ಆಯಿತು. ಆ ಹುಡುಗರಿಗೆ ನನ್ನ ಶಾಬಾಸ್ ಹೇಳಿ. ಬಿಸಿನೀರಿನ ಪೈಪ್ ಒಂದೇ ಸೋರುತ್ತಿದೆ. ಪೈಪ್ ಬಿಳಿ ಅಂದರೆ, ಬಿಸಿನೀರಿಗೆ ಸಾದಾ ಪಿವಿಸಿ ಹಾಕಿದ್ದಾರೆ. ಅದು ತಣ್ಣೀರಿನ ಪೈಪ್, ಸುಮಾರು 45 ಡಿಗ್ರಿ ಬಿಸಿವರೆಗೆ ಸರಿ. ಬಿಸಿನೀರಿಗೆ ಹಾಕುವ ಕೆನೆಬಣ್ಣದ ಸಿಪಿವಿಸಿ ಪೈಪ್ 93ರವರೆಗೆ ತಡೆಯುತ್ತದೆ. ನಮ್ಮ ಬೇಸಿಗೆಯಲ್ಲಿ ಎರಡು ದಿನ ಬಳಸದೆ ಬಿಟ್ಟರೆ ಸೋಲಾರ್ ನೀರು ಕೈ ಸುಡುತ್ತದೆ. ಪೈಪ್ ಮೆತ್ತಗಾಗಿ ಜಾಯಿಂಟ್ ಬಿಟ್ಟಿದೆ. ನಿಮ್ಮ ತಪ್ಪಲ್ಲ ಅಕ್ಕಾರ, ಗೋಡೆ ಒಳಗೆ ಏನು ಹಾಕಿದರು ಅಂತ ಯಾರೂ ನಿಮಗೆ ತೋರಿಸಲಿಲ್ಲ.

ಅಡುಗೆಮನೆ ಒಡೆಯಬೇಡಿ. ಒಳಗಿನ ಬಿಸಿನೀರಿನ ಪೈಪ್ ಅಲ್ಲೇ ಸತ್ತಂತೆ ಇರಲಿ, ಎರಡೂ ತುದಿಗೆ ಪ್ಲಗ್ ಹಾಕಿಸಿ. ಮಾಳಿಗೆಯಿಂದ ಹೊರಗೋಡೆ ಮೇಲೆ ಹೊಸ ಸಿಪಿವಿಸಿ ಇಳಿಸಿ, ಸಿಂಕಿನ ಹಿಂದೆ ಒಂದೇ ತೂತು ಕೊರೆದು ಒಳಗೆ ತರಬಹುದು. ಎಸ್‌ಡಿಆರ್ 11 (ಪೈಪಿನ ದಪ್ಪದ ಗುರುತು) ಅಂತ ಪೈಪಿನ ಮೇಲೆ ಬರೆದಿರಬೇಕು. ಅಂಟು ಕೂಡ ಸಿಪಿವಿಸಿಯದ್ದೇ ಬೇಕು, ಪಿವಿಸಿ ಅಂಟು ನಡೆಯುವುದಿಲ್ಲ. ಬಿಸಿಲಿಗೆ ಬೀಳುವ ಕಡೆ ಪೈಪಿಗೆ ಹೊದಿಕೆ ಹಾಕಿಸಿ. 10 ಅಡಿಯ ಪೈಪ್ ಮೂರು ಸಾಕಾಗಬಹುದು. ಸಾಮಾನು, ಕೂಲಿ ಸೇರಿ ಆರು ಸಾವಿರದ ಆಸುಪಾಸಿನಲ್ಲಿ ಮುಗಿಯಬೇಕು. ಗೋಡೆ ಪೂರ್ತಿ ಒಣಗಿ, ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚಿ ನೋಡುವವರೆಗೆ ಎಂಸಿಬಿ ಏರಿಸಬೇಡಿ.

ನವನಗರ: ಅತ್ತೆ ಕೇಳುತ್ತಿದ್ದಾರೆ, ಅಲ್ಲಿವರೆಗೆ ತಣ್ಣೀರು ಬಳಸಬಹುದಾ?

ಪ್ಲಂಬರ್: ಬಳಸಿ, ತೊಂದರೆ ಇಲ್ಲ. ಸೋಲಾರ್ ವಾಲ್ವ್ ಮಾತ್ರ ಬಂದ್ ಇರಲಿ. ಹೊಸ ಪೈಪಿಗೆ ಒತ್ತಡ ಹಾಕಿದಾಗ ಗೇಜಿನ ಫೋಟೊ ಕಳಿಸಿ, ನೋಡಿ ಹೇಳುತ್ತೇನೆ. ಅಲ್ಲಿವರೆಗೆ ಪೂರ್ತಿ ದುಡ್ಡು ಕೊಡಬೇಡಿ.