ಹಬಲ್ ದೂರದರ್ಶಕದ ಪೇಲೋಡ್ ಕಂಪ್ಯೂಟರ್: ತಿಳಿದವರು ಸಹಾಯ ಮಾಡಿ

ನಮಸ್ಕಾರ. ಲೇಖನವೊಂದನ್ನು ಬರೆಯಲು ಕುಳಿತು ಅರ್ಧದಲ್ಲಿ ಸಿಕ್ಕಿಕೊಂಡಿದ್ದೇನೆ.

ಹಬಲ್‌ನ ವೈಜ್ಞಾನಿಕ ಉಪಕರಣಗಳಿಗೆ ಆಜ್ಞೆ ತಲುಪಿಸುವುದು, ಅವು ಕೊಡುವ ದತ್ತಾಂಶವನ್ನು ಭೂಮಿಗೆ ಕಳುಹಿಸಲು ಅಣಿಗೊಳಿಸುವುದು ಪೇಲೋಡ್ ಕಂಪ್ಯೂಟರಿನ ಕೆಲಸ. ‘ಎಲ್ಲ ಸರಿಯಾಗಿದೆ’ ಎಂಬ ಸಂಕೇತವನ್ನೂ ಅದು ಮುಖ್ಯ ಕಂಪ್ಯೂಟರಿಗೆ ಕೊಡುತ್ತಲೇ ಇರಬೇಕು. 2021ರ ಜೂನ್ 13ರಂದು ಆ ಸಂಕೇತ ನಿಂತಿತು. ಮುಖ್ಯ ಕಂಪ್ಯೂಟರ್ ಉಪಕರಣಗಳನ್ನೆಲ್ಲ ತಕ್ಷಣ ಸುರಕ್ಷಿತ ಸ್ಥಿತಿಗೆ ತಂದಿತು. ಮೊದಲ ಅನುಮಾನ ಮೆಮೊರಿಯ ಮೇಲೆ. ಆದರೆ ಬದಲಿ ಕಂಪ್ಯೂಟರನ್ನು ಚಾಲೂ ಮಾಡಿದರೆ ಅದರಲ್ಲೂ ಅದೇ ದೋಷ! ಕೊನೆಗೆ ಗುಮಾನಿ ತಿರುಗಿದ್ದು ವಿದ್ಯುತ್ ನಿಯಂತ್ರಣ ಘಟಕದತ್ತ. ಅದರ ರೆಗ್ಯುಲೇಟರ್ ಸ್ಥಿರವಾಗಿ 5 ವೋಲ್ಟ್ ಕೊಡಬೇಕು. ಮಿತಿ ತಪ್ಪಿದರೆ ಕಾವಲು ಸರ್ಕ್ಯೂಟ್ ಕಂಪ್ಯೂಟರನ್ನು ನಿಲ್ಲಿಸುತ್ತದೆ.

ನನ್ನ ತೊಡಕು ಇಲ್ಲಿದೆ. ವೋಲ್ಟೇಜ್ ನಿಜವಾಗಿಯೂ ತಪ್ಪಿತ್ತೋ, ಕಾವಲು ಸರ್ಕ್ಯೂಟೇ ಹಳತಾಗಿ ‘ನಿಲ್ಲು’ ಎಂಬಲ್ಲಿಯೇ ಅಂಟಿಕೊಂಡಿತ್ತೋ? (ಎರಡನೆಯದಾದರೆ ಬೇಲಿಯೇ ಹೊಲ ಮೇಯ್ದಂತೆ.) ನೆಲದಿಂದ ಟೆಲಿಮೆಟ್ರಿ (ದೂರದರ್ಶಕ ತನ್ನ ಸ್ಥಿತಿಯ ಬಗ್ಗೆ ಕಳುಹಿಸುವ ಅಳತೆಗಳು) ನೋಡಿ ಇವೆರಡನ್ನು ಬೇರ್ಪಡಿಸಲು ಸಾಧ್ಯವೇ? ಭೂಮಿಯಿಂದ ಕಳುಹಿಸಿದ ಆಜ್ಞೆಗಳಿಂದ ಆ ಘಟಕವನ್ನು ರೀಸೆಟ್ ಮಾಡಲು ಏಕೆ ಆಗಲಿಲ್ಲ? ಬದಲಿ ಘಟಕಕ್ಕೆ ಬದಲಾಯಿಸಿದ ಮೇಲೆ ಎಲ್ಲ ಸರಿಹೋಯಿತು ಎನ್ನುವುದು ಗೊತ್ತಿದೆ, ಅದನ್ನೇ ಮತ್ತೆ ಹೇಳಬೇಡಿ. ಉಪಗ್ರಹಗಳ ವಿದ್ಯುತ್ ವ್ಯವಸ್ಥೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಕೈಯಲ್ಲಿ ಗೀಚಿದ ಒಂದು ಚಿತ್ರವಾದರೂ ಹಾಕಿ.